ನಲವತ್ತೆರಡು ದಿನದ ಲೆಕ್ಕ

ವಾಡಿ ಅಂದ ಕೂಡಲೆ ನಮ್ಮ ಕಡೆಯವರಿಗೆ ನೆನಪಾಗುವುದು ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನು, ಅಲ್ಲಿಯ ಸಿಮೆಂಟು. ನಾನಿರುವ ವಾಡಿ ಅದಲ್ಲ. ಇದು ನಾಗಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯ ಮೇಲಿರೋ ವಾಡಿ. ಹತ್ತಿರದಲ್ಲೇ ಅಂಬಾಝರಿಯ ಆರ್ಡ್‌ನನ್ಸ್ ಫ್ಯಾಕ್ಟರಿ, ರಸ್ತೆಯ ಉದ್ದಕ್ಕೂ ಟ್ರಾನ್ಸ್‌ಪೋರ್ಟ್ ಗೋದಾಮುಗಳು. ನನ್ನ ತಂದೆ ಅಂಥದೊಂದು ಗೋದಾಮಿನಲ್ಲಿ ಗುಮಾಸ್ತರು. ನಾನು ಹತ್ತನೆಯ ಇಯತ್ತೆಯ ತನಕ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಇಲ್ಲಿ ಬಂದು ಕಾಮರ್ಸಿಗೆ ಸೇರಿದವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷು. ನಾಲ್ಕರಲ್ಲಿ ಯಾವುದೂ ಪೂರಾ ಬಂತು ಅನ್ನುವ ಧೈರ್ಯ ನನಗಿಲ್ಲ.

ಕೂಟದ ಗೆಳೆಯರು ಕವಿತೆ ಕೊಡು ಅಂದರು. ಕವಿತೆ ನನ್ನಿಂದ ಆಗದು. ಒಂದು ವಿಷಯ ಮಾತ್ರ ಹೋದ ವರ್ಷದಿಂದ ತಲೆಯಲ್ಲಿ ಕೂತಿದೆ, ಅದನ್ನೇ ಬರೆಯುತ್ತೇನೆ. ಇದು ಬಸಿರು, ಬಾಣಂತನ, ದಾನದ ಹಣ ಮತ್ತು ಆ ಹಣದ ವರದಿಯ ವಿಷಯ. "ಕಾಮರ್ಸ್ ಹುಡುಗನಿಗೆ ಬಾಣಂತಿಯರ ಉಸಾಬರಿ ಯಾಕೋ" ಎಂದು ನಗುವವರು ನಗಲಿ. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು.

ಫೀಸಿಗೆ ಅನುಕೂಲ ಆಗಲಿ ಅಂತ ನಾನು ಸಂಜೆ ಹೊತ್ತು ಒಂದು ಸೇವಾಸಂಸ್ಥೆಯಲ್ಲಿ ಟೈಪು ಮಾಡಲು ಹೋಗುತ್ತೇನೆ. ಅದರ ಹೆಸರು ಬೇಡ. ಗೋದಾಮುಗಳ ಹಿಂದೆ ಹಮಾಲರ ವಸ್ತಿಗಳಿವೆ. ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದ ಕುಟುಂಬಗಳು. ಅಲ್ಲಿಯ ಬಸುರಿಯರ ತಪಾಸಣೆ, ಔಷಧ, ಆಸ್ಪತ್ರೆಗೆ ಹೋಗಲು ಗಾಡಿ, ಇವಿಷ್ಟು ಆ ಸಂಸ್ಥೆಯ ಕೆಲಸ. ಹಣ ಕೊಡುವುದು ಒಂದು ಕಂಪನಿ. ನನ್ನ ಕೆಲಸ ಎರಡು. ಮೊದಲನೆಯದು, ಹಣ ಕೇಳುವ ಯೋಜನಾ ಪ್ರಸ್ತಾವ ತಯಾರು ಮಾಡುವುದು. ಎರಡನೆಯದು, ಹಣ ಖರ್ಚಾದ ಮೇಲೆ ವರದಿ ತಯಾರು ಮಾಡುವುದು. ಆಶಾ ಕಾರ್ಯಕರ್ತೆಯರು ಮರಾಠಿಯಲ್ಲಿ ಬರೆದ ವಹಿ ನೋಡಿ ನಾನು ಇಂಗ್ಲಿಷಿನಲ್ಲಿ ಕೋಷ್ಟಕ ತುಂಬುತ್ತೇನೆ. ವಹಿಯಲ್ಲಿ "ಅಮುಕಳ ಹೆಂಡತಿಗೆ ಕಾಲು ಬಾತಿದೆ, ಅತ್ತೆ ಕಳಿಸಲು ಒಪ್ಪುತ್ತಿಲ್ಲ" ಅಂತ ಇರುತ್ತದೆ. ನನ್ನ ಕೋಷ್ಟಕದಲ್ಲಿ ಅದೇ ಹೆಂಗಸು "ಬೆನಿಫಿಷರಿ, ಅಪಾಯದ ವರ್ಗ, ಒಂದು" ಆಗುತ್ತಾಳೆ. ಅತ್ತೆ ಎಲ್ಲಿ ಹೋದಳೋ ತಿಳಿಯುವುದಿಲ್ಲ.

ಮೊದಲು ಪ್ರಸ್ತಾವದ ಕತೆ ಕೇಳಿ. ಪ್ರಸ್ತಾವದ ಮೊದಲ ಪುಟ ಯಾವಾಗಲೂ "ಅಗತ್ಯ". ಅಂದರೆ ನಮ್ಮಲ್ಲಿ ಪರಿಸ್ಥಿತಿ ಎಷ್ಟು ಕೆಟ್ಟಿದೆ ಅಂತ ತೋರಿಸಬೇಕು. ಒಂದು ಲಕ್ಷ ಜೀವಂತ ಹೆರಿಗೆಗೆ ಎಷ್ಟು ತಾಯಂದಿರು ಸಾಯುತ್ತಾರೆ ಅನ್ನೋದೇ ತಾಯಿಮರಣದ ಪ್ರಮಾಣ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ಲೆಕ್ಕದ ಪ್ರಕಾರ 2018-20ರಲ್ಲಿ ಇದು ಇಡೀ ದೇಶಕ್ಕೆ 97, ಅಸ್ಸಾಮಿಗೆ 195, ಕರ್ನಾಟಕಕ್ಕೆ 69, ಮಹಾರಾಷ್ಟ್ರಕ್ಕೆ 33, ಕೇರಳಕ್ಕೆ 19. ವಿಶ್ವಸಂಸ್ಥೆ 2030ರೊಳಗೆ ಜಗತ್ತಿಗೆ ಹಾಕಿಕೊಂಡ ಗುರಿ 70ಕ್ಕಿಂತ ಕಡಿಮೆ. ಅಂದರೆ ಮಹಾರಾಷ್ಟ್ರ ಆ ಗುರಿಯನ್ನು ಯಾವಾಗಲೋ ದಾಟಿ ಆಗಿದೆ. ಸಂತೋಷದ ಮಾತು ತಾನೆ? ಪ್ರಸ್ತಾವ ಬರೆಯುವವನಿಗೆ ಇದು ಸಂಕಟದ ಮಾತು! 33 ಅಂತ ಬರೆದರೆ ಕೊಡುವವರು "ಹಾಗಾದರೆ ನಮ್ಮ ಹಣ ಯಾಕೆ?" ಅಂತಾರೆ. ಅದಕ್ಕೇ ಪ್ರಸ್ತಾವದಲ್ಲಿ ದೇಶದ 97 ಹಾಕುತ್ತಾರೆ. ಸುಳ್ಳೇನೂ ಅಲ್ಲ, ಆದರೆ ವಾಡಿಯ ಮಾತೂ ಅಲ್ಲ.

ಇನ್ನೊಂದು ಗಮ್ಮತ್ತು ನೋಡಿ. ನಮ್ಮ ಯೋಜನೆಯ ವ್ಯಾಪ್ತಿಯಲ್ಲಿ ವರ್ಷಕ್ಕೆ ಸುಮಾರು 600 ಹೆರಿಗೆ. ಲಕ್ಷಕ್ಕೆ 33ರ ಪ್ರಕಾರ ಅಲ್ಲಿ ವರ್ಷಕ್ಕೆ ಆಗಬಹುದಾದ ಸಾವು 0.2. ಅಂದರೆ ಐದು ವರ್ಷಕ್ಕೆ ಒಂದು. ಹೀಗಿರುವಾಗ ಒಂದು ವರ್ಷ ಸಾವೇ ಆಗಲಿಲ್ಲ ಅಂದರೆ ಅದು ಯೋಜನೆಯ ಪ್ರತಾಪ ಅಂತ ಹೇಳುವಂತಿಲ್ಲ, ಯೋಜನೆ ಇಲ್ಲದಿದ್ದರೂ ಹೆಚ್ಚಿನ ವರ್ಷಗಳಲ್ಲಿ ಸೊನ್ನೆಯೇ ಇರುತ್ತಿತ್ತು. ಹಾಗೇ ಒಂದು ವರ್ಷ ಒಬ್ಬಳು ಸತ್ತರೆ 600ಕ್ಕೆ 1, ಅಂದರೆ ಲಕ್ಷಕ್ಕೆ 167 ಅಂತ ಲೆಕ್ಕ ಬರುತ್ತದೆ. ನೋಡಿದವರು ಗಾಬರಿ ಬೀಳುತ್ತಾರೆ. ಅದೂ ಯೋಜನೆಯ ಸೋಲು ಅಂತ ಹೇಳುವಂತಿಲ್ಲ. ಸಣ್ಣ ಜಾಗದಲ್ಲಿ ಪ್ರಮಾಣದ ಲೆಕ್ಕ ನಡೆಯುವುದೇ ಇಲ್ಲ. ಇದು ನಮ್ಮ ಸಂಖ್ಯಾಶಾಸ್ತ್ರದ ಮೊದಲ ವರ್ಷದ ಪಾಠ. ಆದರೂ ನಮ್ಮ ವರದಿಯ ನಮೂನೆಯಲ್ಲಿ ಒಂದು ಮನೆ ಇದೆ: "ಯೋಜನಾ ಅವಧಿಯಲ್ಲಿ ತಾಯಿಮರಣ". ಅಲ್ಲಿ ಒಂದು ಅಂಕಿ ಬೇಕು. ಎಲ್ಲರಿಗೂ ಬೇಕಾದ ಅಂಕಿ ಸೊನ್ನೆ.

ಹೋದ ವರ್ಷ ನಾನು ಅಲ್ಲಿ ಸೊನ್ನೆ ಹಾಕಿದೆ. ಅದರ ಕತೆ ಇಷ್ಟು.

ಒಬ್ಬ ಹಮಾಲನ ಹೆಂಡತಿ. ಬಾಲಾಘಾಟದ ಕಡೆಯವರು. ನನಗಿಂತ ಒಂದೋ ಎರಡೋ ವರ್ಷ ದೊಡ್ಡವಳಿರಬಹುದು. ಮಾರ್ಚ್ 24ರಂದು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಗಂಡು ಮಗು, ಎಲ್ಲ ಸರಿ. ಮೂರನೆಯ ದಿನ ಮನೆಗೆ ಬಂದಳು. ಏಳನೆಯ ದಿನ ಆಶಾ ಹೋದಾಗ ಮೈ ಬಿಸಿ ಇತ್ತು. ವಹಿಯಲ್ಲಿ "ತಾಪ ಆಹೆ" ಅಂತ ಬರೆದಿದ್ದಾಳೆ. ಮರಾಠಿಯಲ್ಲಿ ತಾಪ ಅಂದರೆ ಜ್ವರ. ದವಾಖಾನೆಗೆ ಹೋಗು ಅಂತ ಹೇಳಿ ಬಂದಳು. ಅವರು ಔಷಧದಂಗಡಿಯ ಗುಳಿಗೆ ತಂದು ನುಂಗಿಸಿದರು. ಏಪ್ರಿಲ್ 4ರ ರಾತ್ರಿ ಅವಳಿಗೆ ಚಳಿ ನಡುಕ ಹತ್ತಿತು. ಗಂಡ ರಾತ್ರಿ ಪಾಳಿಯಲ್ಲಿ ಲಾರಿ ಖಾಲಿ ಮಾಡುತ್ತಿದ್ದ. ಅತ್ತೆ ಪಕ್ಕದ ಮನೆಯ ಹುಡುಗನ ಕೈಲಿ ನಮ್ಮ ಗಾಡಿಯ ನಂಬರಿಗೆ ಫೋನು ಮಾಡಿಸಿದಳು. ಆ ನಂಬರನ್ನು ನಾವೇ ಆ ವಸ್ತಿಯ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೆವು. ಗಾಡಿಯವನು, ನನ್ನ ಕರಾರು ಮಾರ್ಚ್ 31ಕ್ಕೆ ಮುಗಿದಿದೆ, ಹೊಸ ಹಣ ಬಂದ ಮೇಲೆ ಬರುತ್ತೇನೆ ಅಂದ. ಅವನದೂ ತಪ್ಪಿಲ್ಲ, ಡೀಸೆಲ್ಲಿಗೆ ಯಾರು ಕೊಡಬೇಕು? ಗಂಡ ಬಂದು, ಬೆಳಿಗ್ಗೆ ಆಟೋ ಹಿಡಿದು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಂಜು ಮೈಯೆಲ್ಲ ಏರಿತ್ತಂತೆ. ಏಪ್ರಿಲ್ 7ಕ್ಕೆ ತೀರಿಕೊಂಡಳು.

ಗಾಡಿ ಬಂದಿದ್ದರೆ ಅವಳು ಬದುಕುತ್ತಿದ್ದಳು ಅಂತ ನಾನು ಹೇಳುವುದಿಲ್ಲ. ನಾನು ಡಾಕ್ಟರಲ್ಲ. ಹನ್ನೆರಡು ತಾಸು ಉಳಿಯುತ್ತಿತ್ತು, ಅಷ್ಟು ಮಾತ್ರ ಹೇಳಬಲ್ಲೆ.

ನಮ್ಮ ವಾರ್ಷಿಕ ವರದಿ ಹೋಗಿದ್ದು ಏಪ್ರಿಲ್ 20ಕ್ಕೆ. ನಾನು ಆ ಮನೆಯಲ್ಲಿ 1 ಅಂತ ಹಾಕಿ ಮೇಡಮ್ಮಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ಆ ಹೆಂಗಸಿನ ಮನೆಗೆ ಹೋಗಿ ಅತ್ತು ಬಂದವರು. ಆದರೆ ಪೆನ್ನು ತೆಗೆದು ಹೇಳಿದರು: "ಅವಧಿ ಮಾರ್ಚ್ 31ಕ್ಕೆ ಮುಗಿಯಿತಲ್ಲ? ಹೆರಿಗೆ ಈ ವರ್ಷದ್ದು, ಅದನ್ನು ಸುರಕ್ಷಿತ ಹೆರಿಗೆಯಲ್ಲಿ ಸೇರಿಸು. ಸಾವು ಬರೋ ವರ್ಷದ್ದು." ಬರೋ ವರ್ಷದ ವರದಿಯಲ್ಲಿ ಬರುತ್ತದೋ ಅಂತ ಕೇಳಿದೆ. "ಬರೋ ವರ್ಷದ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ, ಹೆರಿಗೆ ಆಗಿಹೋಗಿದೆಯಲ್ಲ" ಅಂದರು. ಹೀಗೆ ಅವಳು ಈ ವರ್ಷದ ಲೆಕ್ಕದಲ್ಲಿ ಸುರಕ್ಷಿತವಾಗಿ ಹೆತ್ತವಳಾದಳು, ಮುಂದಿನ ವರ್ಷದ ಲೆಕ್ಕದಲ್ಲಿ ಇಲ್ಲವೇ ಇಲ್ಲದವಳಾದಳು. ಮನೆಯಲ್ಲಿ ಹೇಳಿದಾಗ ನಮ್ಮವ್ವ ಅಂದಳು, "ಸತ್ತಾಕಿನ್ನ ಯಾವ ವರ್ಷಕ್ಕ ಹಾಕಬೇಕಂತ ಕೂತು ವಿಚಾರ ಮಾಡತೀರೇನಪಾ ನೀವು?"

ಇಲ್ಲಿ ನನ್ನ ಕಾಮರ್ಸು ಕೆಲಸಕ್ಕೆ ಬರುತ್ತದೆ. ಲೆಕ್ಕಪತ್ರ ಮಾನದಂಡ 4 ಅಂತ ನಾವು ಓದುತ್ತೇವೆ. ಅಢಾವೆ ಪತ್ರಿಕೆಯ ತಾರೀಖಿನ ನಂತರ ನಡೆದ ಘಟನೆಗಳ ಬಗ್ಗೆ ಅದು. ಮಾರ್ಚ್ 31ಕ್ಕೆ ಒಬ್ಬ ವ್ಯಾಪಾರಿ ನಮಗೆ ಹತ್ತು ಸಾವಿರ ಕೊಡಬೇಕು. ಏಪ್ರಿಲಿನಲ್ಲಿ, ನಮ್ಮ ಲೆಕ್ಕ ಇನ್ನೂ ಮಂಜೂರಾಗುವ ಮೊದಲೇ, ಅವನು ದಿವಾಳಿ ಎದ್ದ ಅಂತ ಗೊತ್ತಾಯಿತು. ಆಗ "ದಿವಾಳಿ ಏಪ್ರಿಲಿನದು, ಮಾರ್ಚಿಗೆ ಅವನು ಚೆನ್ನಾಗೇ ಇದ್ದ" ಅಂತ ಹೇಳುವಂತಿಲ್ಲ. ಮಾರ್ಚ್ 31ಕ್ಕೆ ಇದ್ದ ಸ್ಥಿತಿಯನ್ನೇ ಏಪ್ರಿಲಿನ ಘಟನೆ ತೋರಿಸುತ್ತಿದ್ದರೆ ಮಾರ್ಚಿನ ಲೆಕ್ಕವನ್ನೇ ತಿದ್ದಬೇಕು. ಹತ್ತು ಸಾವಿರ ರೂಪಾಯಿ ಮುಳುಗಿದರೆ ಇಷ್ಟು ಕಟ್ಟುನಿಟ್ಟು. ಒಂದು ಜೀವ ಮುಳುಗಿದರೆ ಯಾವ ಮಾನದಂಡ?

ಮಾನದಂಡ ಇಲ್ಲ ಅಂತಲ್ಲ, ಇದೆ. ಬಸಿರಿದ್ದಾಗ ಅಥವಾ ಬಸಿರು ಮುಗಿದ 42 ದಿನದೊಳಗೆ, ಬಸಿರಿಗೆ ಸಂಬಂಧಪಟ್ಟ ಕಾರಣದಿಂದ ಆದ ಸಾವು ತಾಯಿಮರಣ. ಇದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ, ನಮ್ಮ ಸರ್ಕಾರದ್ದೂ ಅದೇ. ನಮ್ಮ ಹಿರಿಯರಿಗೂ ಈ ಲೆಕ್ಕ ಗೊತ್ತಿತ್ತು, ಬಾಣಂತಿ ಕೋಣೆಯಿಂದ ಹೊರಗೆ ಬರಬೇಕಾದರೆ ಎಷ್ಟೋ ವಾರ ಹಿಡಿಯುತ್ತಿತ್ತು. ಮಾರ್ಚ್ 24ಕ್ಕೆ 42 ದಿನ ಸೇರಿಸಿದರೆ ಮೇ 5. ಅಲ್ಲಿಯ ತನಕ ಅವಳು ನಮ್ಮ ಲೆಕ್ಕದವಳು. ಮೈಯ ಕ್ಯಾಲೆಂಡರು ಒಂದು, ಹಣದ ಕ್ಯಾಲೆಂಡರು ಇನ್ನೊಂದು. ಎರಡೂ ಹೊಂದದೆ ಇದ್ದಾಗ ನಾವು ಹಣದ್ದನ್ನು ಸರಿ ಅಂದು, ಮೈಯದನ್ನು ತಿದ್ದುತ್ತೇವೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಸೊನ್ನೆ ಹಾಕಿದ್ದು ಬರೀ ಸುಳ್ಳಿನ ಪ್ರಶ್ನೆ ಅಲ್ಲ. ಸುಳ್ಳು ಪಾಪ, ಸತ್ಯ ಪುಣ್ಯ ಅಂತ ಬರೆಯಲು ನಾನು ಈ ಪುಟ ಕೇಳಿಲ್ಲ. ಆ ಸೊನ್ನೆಯಿಂದ ಏನಾಯಿತು ನೋಡಿ. ಪ್ರತಿವರ್ಷ ಮಾರ್ಚ್ 31ಕ್ಕೆ ಗಾಡಿ ನಿಲ್ಲುತ್ತದೆ, ಹೊಸ ಕಂತು ಬರುವುದು ಮೇ ತಿಂಗಳಲ್ಲಿ. ನಡುವೆ ಐದಾರು ವಾರ ಗೋಡೆಯ ಮೇಲೆ ನಂಬರು ಇರುತ್ತದೆ, ಗಾಡಿ ಇರುವುದಿಲ್ಲ. ಜನಕ್ಕೆ ಆ ನಂಬರು ರೂಢಿಯಾಗಿದೆ, ಬೇರೆ ಗಾಡಿ ಕರೆಯಬೇಕು ಅಂತ ಆ ರಾತ್ರಿ ಆ ಮುದುಕಿಗೆ ಹೊಳೆಯಲಿಲ್ಲ. ನಮ್ಮ ಯೋಜನೆ ಬಾರದೆ ಹೋಗಿದ್ದರೆ ಒಂದು ವೇಳೆ ಹೊಳೆಯುತ್ತಿತ್ತೇನೋ! ಇಂಥ ಕಂಡಿ ಇದೆ ಅಂತ ಕಂಪನಿಯವರಿಗೆ ಗೊತ್ತಾಗಬೇಕಾದದ್ದು ನಮ್ಮ ವರದಿಯಿಂದ. ವರದಿಯಲ್ಲಿ ಸೊನ್ನೆ ಇದೆ. ಅವರು ಸೊನ್ನೆ ನೋಡಿ ಸಂತೋಷಪಟ್ಟರು, ಅಭಿನಂದನೆಯ ಪತ್ರ ಬರೆದರು. ಮುಂದಿನ ಏಪ್ರಿಲಿಗೆ ಮತ್ತೆ ಗಾಡಿ ನಿಲ್ಲುತ್ತದೆ. ಮುಚ್ಚಿಟ್ಟಿದ್ದು ಒಂದು ಸಾವನ್ನಲ್ಲ, ಅದರ ಕಾರಣವನ್ನು.

ಇದಕ್ಕೆ ಯಾರನ್ನು ಬೈಯಬೇಕು? ಕಾನೂನನ್ನು ಬೈಯೋಣ ಅಂತ ನಾನು ಪುಸ್ತಕ ತೆಗೆದು ನೋಡಿದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ನಿವ್ವಳ ಮೌಲ್ಯ, ಇಲ್ಲವೆ 1000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ಸಮಾಜಕ್ಕೆ ಖರ್ಚು ಮಾಡಬೇಕು. ಹಣ ಮಾರ್ಚಿಗೇ ಮುಗಿಯಬೇಕು ಅಂತ ಹಟ ಇದೆಯೋ? ಇಲ್ಲ. 2021ರ ಜನವರಿಯ ತಿದ್ದುಪಡಿಯ ನಂತರ "ನಡೆಯುತ್ತಿರುವ ಯೋಜನೆ" ಅಂತ ಘೋಷಿಸಿದರೆ, ಆರಂಭದ ವರ್ಷ ಬಿಟ್ಟು ಮೂರು ವರ್ಷದವರೆಗೆ ನಡೆಸಬಹುದು. ಉಳಿದ ಹಣವನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಇಟ್ಟು ಮುಂದುವರಿಸಬಹುದು. ಅಂದರೆ ಏಪ್ರಿಲಿನ ಗಾಡಿಗೆ ಕಾನೂನು ಅಡ್ಡಿ ಇಲ್ಲ. ಅಡ್ಡಿ ಇರುವುದು ರೂಢಿ. ವರ್ಷಕ್ಕೊಂದು ಕರಾರು ಮಾಡಿದರೆ ಕೊಡುವವರ ಕೈ ಮೇಲಿರುತ್ತದೆ, ಅಷ್ಟೆ.

ಇನ್ನೊಂದು ರೂಢಿ ಇದೆ. ದಾನಿಗಳಿಗೆ ಔಷಧಕ್ಕೆ ಕೊಡಲು ಇಷ್ಟ, ತೂಕದ ಯಂತ್ರಕ್ಕೆ ಇಷ್ಟ, ಅದರ ಮೇಲೆ ಹೆಸರು ಬರೆಸಬಹುದು. ಲೆಕ್ಕ ಬರೆಯುವವನ ಸಂಬಳ, ಫೋನಿನ ಬಿಲ್ಲು, ಎರಡು ಕಂತುಗಳ ನಡುವಿನ ಖರ್ಚು ಅಂದರೆ ಮುಖ ಸಿಂಡರಿಸುತ್ತಾರೆ. ಅದಕ್ಕೆ "ಆಡಳಿತ ವೆಚ್ಚ" ಅಂತ ಒಂದು ಕೆಟ್ಟ ಹೆಸರಿದೆ. ವಿದೇಶೀ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದು, ಆಡಳಿತಕ್ಕೆ ಬಳಸಬಹುದಾದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ದಾನದ ಹಣದಲ್ಲಿ ಕಾರು, ಬಂಗಲೆ ಮಾಡಿದವರೂ ಇದ್ದಾರೆ, ಮಿತಿ ಬೇಡ ಅಂತ ನಾನು ಹೇಳಲಾರೆ. ಆದರೆ ಗಾಡಿಯನ್ನು ಏಪ್ರಿಲಿನಲ್ಲೂ ಓಡಿಸುವ ಮೀಸಲು ನಿಧಿಯನ್ನೂ ಅದೇ ಬುಟ್ಟಿಗೆ ಹಾಕಿ ಕತ್ತರಿಸಿದರೆ ಹೇಗೆ? ವ್ಯಾಪಾರದಲ್ಲಿ ದುಡಿಯುವ ಬಂಡವಾಳ ಅಂತ ಒಂದು ಮಾತಿದೆ. ಅದಿಲ್ಲದೆ ಕಿರಾಣಿ ಅಂಗಡಿಯೂ ನಡೆಯದು.

"ಸಾವು ಬರೆದರೆ ಕೊಡುವವರು ಓಡಿಹೋಗುತ್ತಾರೆ." ಇದು ಮೇಡಮ್ಮಿನ ಭಯ, ಎಲ್ಲ ಸಂಸ್ಥೆಗಳ ಭಯ. ಸುಳ್ಳು ಭಯವೂ ಅಲ್ಲ. ಈ ಹಣ ನಿಂತರೆ ಎಂಟು ಜನರ ಸಂಬಳ ನಿಲ್ಲುತ್ತದೆ, ನನ್ನದೂ ಸೇರಿ. ಆದರೂ ಇದಕ್ಕೆ ಉಲ್ಟಾ ಉದಾಹರಣೆಗಳು ನಮ್ಮ ಸುತ್ತಲೇ ಇವೆ.

ನಾಗಪುರದಿಂದ ಸುಮಾರು 170 ಕಿಲೋಮೀಟರ್ ದೂರದಲ್ಲಿ ಗಡಚಿರೋಲಿ ಇದೆ. ಡಾ. ಅಭಯ ಬಂಗ್, ಡಾ. ರಾಣಿ ಬಂಗ್ ದಂಪತಿಗಳು 1986ರಿಂದ ಅಲ್ಲಿ 'ಸರ್ಚ್' ಎಂಬ ಸಂಸ್ಥೆ ನಡೆಸುತ್ತಿದ್ದಾರೆ. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಎರಡು ಹಳ್ಳಿಗಳ 650 ಹೆಂಗಸರ ತಪಾಸಣೆ. ನೂರಕ್ಕೆ 92 ಜನಕ್ಕೆ ಸ್ತ್ರೀರೋಗವೋ ಲೈಂಗಿಕ ರೋಗವೋ ಇತ್ತು, ಹಿಂದೆ ಎಂದಾದರೂ ಅದಕ್ಕೆ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 8 ಮಾತ್ರ. 1989ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಬಸಿರು ಬಾಣಂತನ ಬಿಟ್ಟರೆ ಹೆಂಗಸಿನ ಮೈಗೆ ಬೇರೆ ಕಾಯಿಲೆಯೇ ಇಲ್ಲವೇನೋ ಅನ್ನುವಂತೆ ಯೋಜನೆ ಮಾಡುತ್ತಿದ್ದವರು ಆ ಅಂಕಿ ನೋಡಿ ತಮ್ಮ ವಿಚಾರ ಬದಲಿಸಬೇಕಾಯಿತು. ಆಮೇಲೆ ಅವರು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಹಸುಗೂಸುಗಳ ಆರೈಕೆ ಮನೆಯಲ್ಲೇ ಮಾಡಿಸಿದರು. 39 ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಇಳಿಯಿತು ಅಂತ 1999ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ಆ ಇಳಿತ ಯಾಕೆ ನಂಬಿದರು? ಪ್ರತಿ ಹುಟ್ಟು, ಪ್ರತಿ ಸಾವನ್ನು ಬಿಡದೆ ಬರೆದುಕೊಂಡಿದ್ದರು, ಯೋಜನೆ ಇಲ್ಲದ 47 ಹಳ್ಳಿಗಳಲ್ಲೂ ಬರೆದುಕೊಂಡಿದ್ದರು. ನಮ್ಮ ಆಶಾ ಏಳನೆಯ ದಿನ ಆ ಮನೆಗೆ ಹೋದಳಲ್ಲ, ಅದು ಯಾಕೆ ಗೊತ್ತೆ? ಹೆರಿಗೆಯಾದ ಮೇಲೆ 3, 7, 14, 21, 28, 42ನೆಯ ದಿನ ಆಶಾ ಮನೆಗೆ ಹೋಗಬೇಕು ಅಂತ 2011ರಲ್ಲಿ ದೇಶಕ್ಕೆಲ್ಲ ಬಂದ ಕಾರ್ಯಕ್ರಮದ ಬೇರು ಗಡಚಿರೋಲಿಯಲ್ಲಿದೆ. 42ನೆಯ ದಿನ ಅವಳ ವಹಿಯಲ್ಲಿ ಆಗಲೇ ಇದೆ! ಇಲ್ಲದೆ ಇರುವುದು ನಮ್ಮ ಇಂಗ್ಲಿಷ್ ವರದಿಯಲ್ಲಿ ಮಾತ್ರ.

ನಮ್ಮ ಕನ್ನಡ ನಾಡಿನದೇ ಇನ್ನೊಂದು ಉದಾಹರಣೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ವಿಜಯಪುರ, ಈ ಎಂಟು ಜಿಲ್ಲೆಗಳಲ್ಲಿ 'ಸುಕ್ಷೇಮ' ಅನ್ನುವ ಯೋಜನೆ ನಡೆಯಿತು. ಹಣ ಅಮೆರಿಕದ ಗೇಟ್ಸ್ ಪ್ರತಿಷ್ಠಾನದ್ದು, ಕೆಲಸ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನದು. ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರನ್ನು ಊರಿಗೆ ಕರೆಸಿ ಭಾಷಣ ಮಾಡುವ ಬದಲು, ಅನುಭವಿ ದಾದಿಯರನ್ನು ಅವರು ಇರುವಲ್ಲಿಗೇ ಕಳಿಸಿ ಕೂಡಿ ಕಲಿಸಿದರು. ಹೆರಿಗೆಯ ಕೇಸ್ ಹಾಳೆಯನ್ನೂ ಬದಲಿಸಿದರು. ಮುಂದೆ ಏನು ನೋಡಬೇಕು, ಏನು ಮಾಡಬೇಕು ಅಂತ ತುಂಬುವವಳಿಗೇ ನೆನಪಿಸುವ ಹಾಳೆ ಅದು. ನನಗೆ ಹಿಡಿಸಿದ್ದು ಇದು. ಎರಡು ತರದ ಕಾಗದಗಳಿವೆ. ಒಂದು ತುಂಬುವವಳ ಕೈಹಿಡಿದು ನಡೆಸುವ ಕಾಗದ. ಇನ್ನೊಂದು ದೂರದ ಆಫೀಸಿನಲ್ಲಿ ಕೂತವನನ್ನು ಖುಷಿಪಡಿಸುವ ಕಾಗದ. ನಾನು ದಿನಾ ಟೈಪು ಮಾಡುವುದು ಎರಡನೆಯದು.

ಇನ್ನು ಸಾವನ್ನು ತೆರೆದು ನೋಡುವುದು. ಇಂಗ್ಲೆಂಡಿನಲ್ಲಿ 1952ರಿಂದ ಪ್ರತಿ ತಾಯಿಮರಣವನ್ನೂ ಗುಪ್ತವಾಗಿ ವಿಚಾರಣೆ ಮಾಡುವ ಪದ್ಧತಿ ಇದೆ. ಹೆಸರು ಮುಚ್ಚಿಡುತ್ತಾರೆ, ಕಾರಣ ಬಿಚ್ಚಿಡುತ್ತಾರೆ. ಅದೇ ಮಾದರಿಯಲ್ಲಿ ಕೇರಳದ ಸ್ತ್ರೀರೋಗ ತಜ್ಞರ ಒಕ್ಕೂಟ 2004ರಲ್ಲಿ ಶುರು ಮಾಡಿತು. 2018-20ರಲ್ಲಿ ಕೇರಳದ ಅಂಕಿ 19 ಇದ್ದದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳೋದಿಲ್ಲ. ಆದರೆ ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಸಾವಿದ್ದ ರಾಜ್ಯವೇ ಸಾವನ್ನು ಇಷ್ಟು ಕೂಲಂಕಷ ನೋಡುತ್ತದೆ ಅನ್ನೋದು ಗಮನಿಸತಕ್ಕ ಮಾತು. ಕೇಂದ್ರ ಸರ್ಕಾರವೂ 2010ರಲ್ಲಿ ತಾಯಿಮರಣ ಪರಿಶೀಲನೆಯ ನಿಯಮ ತಂದಿತು, 2017ರಲ್ಲಿ ಅದನ್ನು ಪರಿಷ್ಕರಿಸಿತು. ಮನೆಗೆ ಹೋಗಿ ಕೇಳಬೇಕು, ಯಾರ ಮೇಲೂ ತಪ್ಪು ಹೊರಿಸಬಾರದು, ಎಲ್ಲಿ ತಡವಾಯಿತು ನೋಡಬೇಕು. ತಡ ಮೂರು ತರ: ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನಿಸುವಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆಯೊಳಗೆ ತಡ. ಈ ಮೂರು ತಡಗಳ ವಿಚಾರವನ್ನು ಥ್ಯಾಡಿಯಸ್ ಮತ್ತು ಮೈನ್ ಅನ್ನುವ ಇಬ್ಬರು ಸಂಶೋಧಕರು 1994ರಲ್ಲಿ ಮಂಡಿಸಿದರು. ನಮ್ಮ ಹಮಾಲನ ಹೆಂಡತಿಗೆ ಮೂರೂ ತಡ ಆದವು. ಅದರಲ್ಲಿ ನಡುವಿನದು ನಮ್ಮದು.

ಸರಿ, ಹಾಗಾದರೆ ಏನು ಮಾಡಬೇಕು? ಇಪ್ಪತ್ತು ವರ್ಷದ ಹುಡುಗ ದೇಶ ಸುಧಾರಿಸಲಾರ. ನನ್ನ ಕೈಗೆ ಬರುವ ಕಾಗದದ ಮಟ್ಟಿಗೆ ಮೂರು ಮಾತು ಹೇಳುತ್ತೇನೆ.

ಒಂದು, ವರದಿಯ ಅವಧಿ ಮಾರ್ಚಿಗೆ ಮುಗಿದರೂ ಅದರಲ್ಲಿ ಹೆತ್ತ ಪ್ರತಿಯೊಬ್ಬಳ ಲೆಕ್ಕವೂ ಅವಳ 42ನೆಯ ದಿನದವರೆಗೆ ತೆರೆದಿರಬೇಕು. ಮಾರ್ಚ್ 31ಕ್ಕೆ ಹೆತ್ತವಳ 42ನೆಯ ದಿನ ಮೇ 12. ವರದಿಯನ್ನು ಏಪ್ರಿಲ್ 20ರ ಬದಲು ಮೇ ಕೊನೆಗೆ ಕೇಳಿದರೆ ಕಂಪನಿಯ ಗಂಟು ಏನೂ ಹೋಗದು.

ಎರಡು, ಪ್ರಸ್ತಾವದ ಬಜೆಟ್ಟಿನಲ್ಲೇ ಎರಡು ಕಂತುಗಳ ನಡುವಿನ ಎರಡು ತಿಂಗಳಿಗೆ ಗಾಡಿಯ ಹಣ ಬೇರೆ ತೆಗೆದಿಡಬೇಕು. ಅದಕ್ಕೆ ಆಡಳಿತ ವೆಚ್ಚ ಅಂತ ಹೆಸರಿಡಬಾರದು. ಅದು ಒಪ್ಪಿಗೆ ಇಲ್ಲವೆಂದರೆ ಮಾರ್ಚ್ 31ರ ಸಂಜೆ ಗೋಡೆಯ ಮೇಲಿನ ನಂಬರು ಅಳಿಸುವುದಕ್ಕೆ ಸುಣ್ಣದ ಖರ್ಚನ್ನಾದರೂ ಮಂಜೂರು ಮಾಡಲಿ.

ಮೂರು, ವರದಿಯಲ್ಲಿ "ಏನು ಆಗಲಿಲ್ಲ, ಯಾಕೆ" ಅಂತ ಒಂದು ಪುಟ ಇರಬೇಕು, ಮತ್ತು ಆ ಪುಟದ ಕಾರಣದಿಂದ ಹಣ ನಿಲ್ಲಿಸುವುದಿಲ್ಲ ಅಂತ ಕೊಡುವವರು ಕರಾರಿನಲ್ಲೇ ಬರೆದುಕೊಡಬೇಕು. ಎರಡನೆಯದಿಲ್ಲದೆ ಮೊದಲನೆಯದು ಬರುವುದಿಲ್ಲ. ಲೆಕ್ಕದವರ ಹಳೆಯ ಸೂತ್ರ ನಮಗೆ ಮೊದಲ ದಿನವೇ ಕಲಿಸಿದ್ದರು: ಬರಬಹುದಾದ ಲಾಭವನ್ನು ಎಣಿಸಬೇಡ, ಬರಬಹುದಾದ ನಷ್ಟಕ್ಕೆಲ್ಲ ಏರ್ಪಾಡು ಮಾಡು. ಕಂಪನಿಗಳು ತಮ್ಮ ಸ್ವಂತ ಲೆಕ್ಕದಲ್ಲಿ ಈ ಸೂತ್ರ ಪಾಲಿಸುತ್ತವೆ. ಮುಳುಗಿದ ಸಾಲಕ್ಕೆ ಏರ್ಪಾಡು ತೋರಿಸದ ಅಢಾವೆ ಪತ್ರಿಕೆ ತಂದರೆ ಅವರ ಲೆಕ್ಕ ತಪಾಸಿಗ ತಕರಾರಿಲ್ಲದೆ ಸಹಿ ಹಾಕುವುದಿಲ್ಲ. ಅದೇ ಕಂಪನಿಗಳು ಬಾಣಂತಿಯರ ಲೆಕ್ಕದಲ್ಲಿ ಮಾತ್ರ ಬರೀ ಲಾಭದ ಕಲಮು ಕೇಳುತ್ತವಲ್ಲ, ಇದು ಯಾವ ನ್ಯಾಯ?

"ಇಷ್ಟೆಲ್ಲ ಬರೆಯುವವನು ಸೊನ್ನೆ ಯಾಕೆ ಹಾಕಿದೆ?" ಅಂತ ನೀವು ಕೇಳಬೇಕು. ಕೇಳಿ. ನನಗೆ ತಿಂಗಳಿಗೆ ಬರುವ ದುಡ್ಡು ಬೇಕಿತ್ತು. ಮೇಡಮ್ಮಿನ ಎದುರು ಇಂಗ್ಲಿಷಿನಲ್ಲಿ ವಾದ ಮಾಡುವ ಧೈರ್ಯ ಇರಲಿಲ್ಲ. ಮರಾಠಿಯಲ್ಲಿ ಮಾಡಬಹುದಿತ್ತು, ಮಾಡಲಿಲ್ಲ. ಆ 1ನ್ನು ಅಳಿಸಿ 0 ಒತ್ತಿದ್ದು ನನ್ನ ಬೆರಳೇ. ಆ ಆಶಾ ಕಾರ್ಯಕರ್ತೆಗೆ ಇದು ಗೊತ್ತಿಲ್ಲ. ವರದಿ ಇಂಗ್ಲಿಷಿನಲ್ಲಿದೆ, ಅವಳು ಅದನ್ನು ನೋಡಿಯೇ ಇಲ್ಲ. ನೋಡಿದ್ದರೆ ಅವಳೇ ಜಗಳ ತೆಗೆಯುತ್ತಿದ್ದಳು. ಯಾರ ಬಗ್ಗೆ ಬರೆಯುತ್ತೇವೋ ಅವರಿಗೆ ಓದಲು ಬಾರದ ಭಾಷೆಯಲ್ಲಿ ಬರೆದರೆ ಸೊನ್ನೆ ಹಾಕುವುದು ಎಷ್ಟು ಸುಲಭ! ಭಾಷೆ ಭಾಷೆ ಅಂತ ನಾವು ಈ ಕೂಟದಲ್ಲಿ ಎಷ್ಟೋ ಭಾಷಣ ಮಾಡಿದ್ದೇವೆ. ಭಾಷೆಯ ಪ್ರಶ್ನೆ ಹೀಗೆ ಒಂದು ಕೋಷ್ಟಕದ ಮನೆಯೊಳಗೂ ಕೂತಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಈ ವರ್ಷದ ಪ್ರಸ್ತಾವ ಮತ್ತೆ ತಯಾರಾಗುತ್ತಿದೆ. ಬಜೆಟ್ಟಿನ ಪುಟದಲ್ಲಿ ನಾನೇ ಒಂದು ಸಾಲು ಸೇರಿಸಿದ್ದೇನೆ: "ಏಪ್ರಿಲ್, ಮೇ, ಗಾಡಿ ಬಾಡಿಗೆ". ಅದರ ಕೆಳಗೆ ಕಾರಣ ಅಂತ ಎರಡು ಸಾಲಿನಲ್ಲಿ ಹೋದ ವರ್ಷದ ಏಪ್ರಿಲ್ 4ರ ರಾತ್ರಿಯನ್ನು ಬರೆದಿದ್ದೇನೆ, ಹೆಸರಿಲ್ಲದೆ. ಮೊದಲು ಮರಾಠಿಯಲ್ಲಿ ಬರೆದು ಆ ಆಶಾ ಕಾರ್ಯಕರ್ತೆಗೆ ಓದಿ ತೋರಿಸಿದೆ. "ಏಳನೇ ದಿನ ತಾಪ ಇತ್ತು ಅನ್ನೋದು ಬಿಟ್ಟೀಯಲ್ಲ" ಅಂದಳು. ಅದನ್ನೂ ಸೇರಿಸಿದೆ. ಆಮೇಲೆ ಇಂಗ್ಲಿಷು ಮಾಡಿದೆ. ಮೇಡಮ್ಮು ಓದಿದರು, ಪೆನ್ನು ಕೈಯಲ್ಲಿತ್ತು, ಏನೂ ಗೀಟು ಹಾಕಲಿಲ್ಲ. ಸರಿ ಅಂತಲೂ ಅನ್ನಲಿಲ್ಲ. "ನಾಳೆ ನೋಡೋಣ" ಅಂದರು.

ಹಾಳೆ ಅವರ ಮೇಜಿನ ಮೇಲಿದೆ. ಈ ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅದು ಹೋಗಿರುತ್ತದೆ. ಆ ಎರಡು ಸಾಲು ಹೊತ್ತುಕೊಂಡೋ, ಬಿಟ್ಟೋ, ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.